ಇರ್ಮಾಳ ಪಾಲು

“ಹಾಗಾದ್ರೆ ಆಲಿಕಲ್ಲು ಬಿದ್ರೆ ನನ್ನ ತಲೆ ಮೇಲೂ ಬಿದ್ದ ಹಾಗೆ?” ಎಂದು ಇರ್ಮಾ ಶಾಟ್ಸ್ ಕೇಳಿದಳು.

ವರ್ಲಿನ್ ಆಸೆನ್ ಬಾಯಲ್ಲಿದ್ದ ಕೂಕನ್ ತುಂಡನ್ನು ಅವಸರದಲ್ಲಿ ನುಂಗಿದ. ಪ್ಲಮ್ ಹಣ್ಣು ಹಾಕಿದ ಆ ಸಿಹಿಯನ್ನು ಮುದುಕಿ ಅವನಿಗೆಂದೇ ಮಾಡಿಟ್ಟಿದ್ದಳು. ಹೌದೆಂದರೆ ಬಂದ ಕೆಲಸ ಕೆಡುತ್ತದೆ, ಅಲ್ಲವೆಂದರೆ ಸುಳ್ಳಾಗುತ್ತದೆ. ಖಾತ್ರಿ ಗೇಣಿಗೆ ಏನೂ ಆಗುವುದಿಲ್ಲ, ಅದರ ಮೇಲಿನ ಪಾಲು ಮಾತ್ರ ಹೋಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಇರ್ಮಾಳ ಗಂಡ ರೈನ್‌ಹೋಲ್ಡ್ ತೀರಿಕೊಂಡಂದಿನಿಂದ ಅವಳ ಹೊಲವನ್ನು ಗೇಣಿಗೆ ಮಾಡುತ್ತಿದ್ದವನು ವರ್ಲಿನ್. ಸಮುದ್ರದಾಚೆಯ ಗಿರಾಕಿಗಳು ನಾರ್ತ್ ಡಕೋಟಾದ ಸೋಯಾಬೀನಿಗೆ ಬೆನ್ನು ತಿರುಗಿಸಿದ ವರ್ಷ ಅದು. ಕಾಳಿನ ಬೆಲೆ ಬಿದ್ದರೂ ಗೊಬ್ಬರದ ಬೆಲೆ ಇಳಿದಿರಲಿಲ್ಲ. ಹಳೆಯ ಗೇಣಿಯನ್ನೇ ಕೊಡುವುದಾದರೆ ಬಿತ್ತನೆಗೆ ಸಾಲವಿಲ್ಲ ಎಂದು ಬ್ಯಾಂಕಿನವರು ಕೈಚೆಲ್ಲಿದ್ದರು. ಅಷ್ಟರಲ್ಲಿ ಸುತ್ತಲ ಅರ್ಧ ಸೀಮೆಯನ್ನು ಉಳುವ ಕಾಲ್ಬಿ ಸ್ಟ್ರಾಂಡ್, ಹಳೆಯದಕ್ಕಿಂತ ಹೆಚ್ಚು ಗೇಣಿಯನ್ನು ಮುಂಗಡವಾಗಿಯೇ ಕೊಡುತ್ತೇನೆಂದು ಇರ್ಮಾಳಿಗೆ ಹೇಳಿಕಳಿಸಿದ್ದ. ಈ ಹೊಲ ಕೈತಪ್ಪಿದರೆ ಉಳಿದ ನೆಲದಿಂದ ವರ್ಲಿನ್‌ಗೆ ಯಂತ್ರಗಳ ಖರ್ಚೂ ಹುಟ್ಟುತ್ತಿರಲಿಲ್ಲ. ಅವನೂ ಹೆಂಡತಿ ಜೋಲೀನಳೂ ತಲೆಕೆಡಿಸಿಕೊಂಡು ಹುಡುಕಿದ ದಾರಿ ಇದು: ಖಾತ್ರಿ ಗೇಣಿ ಕಡಿಮೆ, ಬೆಳೆಯೂ ಬೆಲೆಯೂ ಕೈಹಿಡಿದರೆ ಬಂದ ಹೆಚ್ಚಳದಲ್ಲಿ ಇರ್ಮಾಳಿಗೆ ಪಾಲು.

ಇರ್ಮಾ ಚಮಚವನ್ನು ನಿಧಾನವಾಗಿ ನೆಕ್ಕಿದಳು. “ಕಾಲ್ಬಿ ದುಡ್ಡು ಜಾಸ್ತಿನೇ. ಆದ್ರೆ ಅವನು ಚೆಕ್ ಕೊಟ್ಟು ಹೋದ್ರೆ ಮುಂದಿನ ವರ್ಷದ ತನಕ ನನಗೇನು ಕೆಲಸ? ನಿಂದು ಪಿನಾಕಲ್ ಇಸ್ಪೀಟಾಟದ ಹಾಗಿದೆ, ನನ್ನ ಕೈಯಲ್ಲೂ ಎಲೆ ಇರುತ್ತೆ. ಒಂದೇ ಷರತ್ತು. ಯಾವಾಗ ಮಾರ್ತೀಯ, ಯಾಕೆ ಮಾರ್ತೀಯ, ಎಲ್ಲಾ ನನಗೆ ಹೇಳ್ಬೇಕು.”

ಈ ಉತ್ಸಾಹ ವಾರ ಕಳೆದರೆ ತಣ್ಣಗಾಗುತ್ತದೆ ಎಂದುಕೊಂಡಿದ್ದ ವರ್ಲಿನ್. ಆಗಲಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಅವಳ ಫೋನು ಬಂದೇ ಬರುತ್ತಿತ್ತು. ರೇಡಿಯೋದಲ್ಲಿ ಹೇಳುವ ಬೆಲೆ ಕಾಳು ಕೊಳ್ಳುವ ಊರಿನ ದಾಸ್ತಾನು ಮಳಿಗೆಯಲ್ಲಿ ಯಾಕೆ ಸಿಗುವುದಿಲ್ಲ, ಮಳೆ ಬಂದರೆ ಬೆಲೆ ಯಾಕೆ ಇಳಿಯುತ್ತದೆ, ಸೋಯಾ ಗಿಡವನ್ನೇ ಕಾಣದ ಶಿಕಾಗೋ ಪೇಟೆಯವರು ಅದನ್ನು ಕೊಳ್ಳುವುದೇಕೆ ಮಾರುವುದೇಕೆ. ಕೆಲವಕ್ಕೆ ಉತ್ತರ ಅವನಿಗೂ ಗೊತ್ತಿರಲಿಲ್ಲ. ದಾಸ್ತಾನಿನವರನ್ನು ಕೇಳಿ ಬಂದು ಹೇಳುತ್ತಿದ್ದ.

ಒಂದು ದಿನ ಅವಳು, ಯಾವ ಬೆಲೆ ಬಂದರೆ ನಿನಗೆ ನಷ್ಟವಾಗುವುದಿಲ್ಲ ಎಂದು ಕೇಳಿದಳು. ಎಷ್ಟು ಬಂದರೆ ಅಷ್ಟು ಒಳ್ಳೆಯದು ಎಂದ ವರ್ಲಿನ್.

“ಅದು ಉತ್ತರ ಅಲ್ಲ ಕಣೋ, ಪ್ರಾರ್ಥನೆ.”

ನಕ್ಕು ಫೋನಿಟ್ಟನಾದರೂ ಮಧ್ಯಾಹ್ನವೆಲ್ಲ ಟ್ರಾಕ್ಟರಿನಲ್ಲಿ ಆ ಮಾತು ಅವನ ಜೊತೆಗೇ ಕೂತಿತ್ತು. ಬೆಲೆ ಏರಿದರೆ ಇನ್ನೂ ಏರಲಿ ಎಂದು, ಇಳಿದರೆ ಮತ್ತೆ ಏರಲಿ ಎಂದು ಕಾಯುತ್ತಲೇ ಬಂದವನು ಅವನು. ಜೋಲೀನಳೊಡನೆ ಕೂತು ಲೆಕ್ಕ ಹಾಕಿದ. ಅವನು ಯಾವಾಗಲೂ ಬಿಟ್ಟುಬಿಡುತ್ತಿದ್ದ ಮನೆಖರ್ಚನ್ನು, ತನ್ನ ಹಲ್ಲಿನ ಡಾಕ್ಟರ ಬಿಲ್ಲನ್ನೂ ಬಿಡದೆ, ಅವಳು ಸೇರಿಸಿದಳು. ನಷ್ಟವಾಗದಿರಲು ಬೇಕಾದ ಬೆಲೆ ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಸಾಕಷ್ಟು ಮೇಲಿತ್ತು.

ಜೂನಿನಲ್ಲಿ ಮಳೆ ತಡವಾಗಿ ಪೇಟೆ ಬೆದರಿತು. ಬೆಲೆ ಆ ಗೆರೆಯನ್ನು ದಾಟಿತು. ವರ್ಲಿನ್ ಇರ್ಮಾಳಿಗೆ ಹೇಳಿ, ಇನ್ನೂ ಹೂ ಬಿಡದ ಬೆಳೆಯಲ್ಲಿ ಮೂರರಲ್ಲೊಂದು ಪಾಲನ್ನು, ಕಟಾವಾದ ಮೇಲೆ ಕೊಡುವ ಕರಾರಿನಲ್ಲಿ, ಅಂದಿನ ಬೆಲೆಗೇ ಮಾತಾಡಿ ಮಾರಿಬಿಟ್ಟ. ಮಾರಿದ ಮೇಲೂ ಬೆಲೆ ಏರುತ್ತಲೇ ಹೋಯಿತು. ಕೆಫೆಯಲ್ಲಿ ಯಾರೋ, “ಏನಪ್ಪಾ ವರ್ಲಿನ್, ಈಗೀಗ ಮುದುಕಿ ಕೇಳ್ಕೊಂಡು ಮಾರ್ತೀಯಂತೆ?” ಎಂದರು. ಅವನು ತಲೆ ತಗ್ಗಿಸಿ ಕಾಫಿ ಕುಡಿದ.

ಮರುದಿನ ಇರ್ಮಾಳ ಫೋನು ಬರಲಿಲ್ಲ. ಕಾಲ್ಬಿಯ ನೆನಪಾಗಿ ವರ್ಲಿನ್ ಕೈಲಿದ್ದ ಕೆಲಸ ಬಿಟ್ಟ. ಊರಿನಲ್ಲಿದ್ದ ಅವಳ ಮನೆಗೆ ಹೋಗಿ ಬಾಗಿಲು ತಟ್ಟಿದ. ತಲೆ ಬಾಚದೆ ಕಿಟಕಿಯ ಬಳಿ ಕೂತಿದ್ದ ಅವಳು, ಅವಸರಪಟ್ಟೆವಲ್ಲ ಎಂದು ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲವೆಂದಳು. ಅವನು ಕ್ಷಮೆ ಕೇಳಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದಳು.

“ಬೇಸಿಗೆ ಬಂತು ಅಂದ್ರೆ ರೈನ್‌ಹೋಲ್ಡ್ ಗೋಡೆ ಕಡೆ ಮುಖ ಮಾಡಿ ಮಲಗ್ತಿದ್ದ. ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ, ಅಷ್ಟೂ ವರ್ಷ.” ಕಿಟಕಿಯಿಂದ ಅವನ ಕಡೆ ತಿರುಗಿ ಕೇಳಿದಳು: “ನಿನಗೂ ಹೀಗೇ ಆಗುತ್ತಾ?”

“ಆಗುತ್ತೆ.”

“ಜೋಲೀನ್‌ಗೆ ಹೇಳ್ತೀಯಾ?”

ಉತ್ತರಕ್ಕೆ ಕಾಯದೆ ಇರ್ಮಾ ಎದ್ದುಹೋಗಿ ಅವನಿಗೆ ಕಾಫಿ ತಂದುಕೊಟ್ಟಳು.

ಆಮೇಲೆ ಮಳೆ ಬಂತು, ಬೆಲೆ ಏರಿದ್ದಕ್ಕಿಂತ ಬೇಗ ಇಳಿಯಿತು. ಆಗಸ್ಟಿನಲ್ಲಿ ಬಿದ್ದ ಆಲಿಕಲ್ಲು ಹೊಲದ ಪಡುವಣ ಅಂಚನ್ನು ಬೋಳಿಸಿತು. ವಿಮೆ ಒಂದಿಷ್ಟನ್ನು ತುಂಬಿಕೊಟ್ಟಿತು. ಮೊದಲೇ ಮಾರಿದ ಪಾಲು ಬ್ಯಾಂಕಿನ ಬಾಯಿ ಮುಚ್ಚಿಸಿತು. ಯಾರೂ ಸಿರಿವಂತರಾಗಲಿಲ್ಲ, ಯಾರ ಮನೆಯೂ ಮುಳುಗಲಿಲ್ಲ. ಇರ್ಮಾಳಿಗೆ ಸಿಗುವುದು ಕಾಲ್ಬಿ ಕೊಡುತ್ತೇನೆಂದಿದ್ದಕ್ಕಿಂತ ಕಡಿಮೆಯೇ ಎಂಬುದನ್ನು ವರ್ಲಿನ್ ತಾನೇ ಹೋಗಿ ಹೇಳಿದ. ಕಾಲ್ಬಿ ಮತ್ತೆ ಹೇಳಿಕಳಿಸಿದ್ದಾನೆ ಎಂದಳು ಅವಳು. ವರ್ಲಿನ್ ಮುಂದಿನ ವರ್ಷದ ಗೇಣಿಯ ಮಾತೆತ್ತಿದಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊದಲು ಕಟಾವು ತೋರಿಸು ಎಂದಳು.

ಅಕ್ಟೋಬರಿನ ಒಂದು ಚಳಿ ಬೆಳಗ್ಗೆ ಜೋಲೀನ್ ಅವಳನ್ನು ಹೊಲಕ್ಕೆ ಕರೆತಂದಳು. ಕಟಾವು ಯಂತ್ರದ ಏಣಿಯ ಮುಂದೆ ಇರ್ಮಾ ನಿಂತುಬಿಟ್ಟಳು. ಮದುವೆಯಾಗಿ ಬಂದಂದಿನಿಂದ ಆಳುಗಳಿಗೆ ಬುತ್ತಿ ತಂದು ಇದೇ ಬದುವಿನಲ್ಲಿ ಕಾದದ್ದಿದೆ, ಒಮ್ಮೆಯೂ ಮೇಲೆ ಹತ್ತಿದ್ದಿಲ್ಲ ಎಂದಳು. ಹತ್ತಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ.

ವರ್ಲಿನ್ ಮೇಲಿನಿಂದ ಕೈ ಚಾಚಿದ. ಮೆಟ್ಟಿಲಿಗೊಮ್ಮೆ ದಣಿವಾರಿಸಿಕೊಳ್ಳುತ್ತ ಹತ್ತಿ ಅವಳು ಪಕ್ಕದ ಚಿಕ್ಕ ಸೀಟಿನಲ್ಲಿ ಕೂತಳು. ಯಂತ್ರ ಹೊರಟಿತು. ಒಣಗಿದ ಗಿಡಗಳು ಸರಸರನೆ ಬಾಗಿ ಒಳಗೆ ಹೋದವು. ಬೆನ್ನ ಹಿಂದಿನ ತೊಟ್ಟಿಯಲ್ಲಿ ಕಾಳು ಸುರಿಯುವ ಸದ್ದು ಕೇಳಿಸಿತು.

ಸಾಲು ಮುಗಿದಾಗ ವರ್ಲಿನ್ ಯಂತ್ರವನ್ನು ನಿಧಾನಿಸಿ, ಸಾಕಾಯಿತೇ, ಇಳಿಸಲೇ ಎಂದು ಕೇಳಿದ. ಇರ್ಮಾ ಗಾಜಿನ ಮೇಲೆ ಕವಿದಿದ್ದ ತನ್ನ ಉಸಿರಿನ ಹಬೆಯನ್ನು ತೋಳಿನಿಂದ ಒರೆಸಿ, ಮುಂದೆ ಬಾಗಿ, ಕೊಯ್ಯದೆ ನಿಂತಿದ್ದ ಸಾಲಿನ ಕಡೆ ನೋಡುತ್ತಿದ್ದಳು.