ನಡುಮನೆಯ ಫೋನು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದ ರಂಗನಾಥ್ ನಡುಮನೆಯ ಚಾಪೆಯ ಮೇಲೆ ಕುಳಿತು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ ಲೆಕ್ಕ ಬರೆಯುತ್ತಿದ್ದ. ಎದುರಿಗೆ ಕೇಬಲ್ ಕೆಂಚೇಶ್ ಕುಳಿತಿದ್ದ. ಜಗಳೂರಿನ ಆ ಬೀದಿಗೆಲ್ಲ ಟಿ.ವಿ. ಸಂಪರ್ಕ ಕೊಟ್ಟವನೇ ಅವನು. ಈಗ ಫೈಬರ್ ಇಂಟರ್ನೆಟ್ಟಿನ ಏಜೆನ್ಸಿಯನ್ನೂ ಹಿಡಿದು, ಒಂದೇ ತಂತಿಯಲ್ಲಿ ಇಂಟರ್ನೆಟ್ಟು, ಟಿ.ವಿ., ಮನೆಗೊಂದು ಫೋನು ಎಲ್ಲವೂ ಬರುತ್ತವೆ ಎಂದು ಮನೆಮನೆ ತಿರುಗುತ್ತಿದ್ದ.

ರಂಗನಾಥನದು ಬಸ್ ನಿಲ್ದಾಣದ ಹಿಂದೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನಾಲ್ಕು ಕಡೆ ಬೆಲೆ ಕೇಳದೆ ಒಂದು ಬಲ್ಬನ್ನೂ ಕೊಂಡವನಲ್ಲ.

"ನೋಡು ಕೆಂಚೇಶ್. ಕೇಬಲ್ಲಿಗೆ ಮುನ್ನೂರೈವತ್ತು, ಮೂರು ಮೊಬೈಲಿಗೆ ಆರ್ನೂರು. ನಿಂದು ತಗೊಂಡ್ರೆ ಕೇಬಲ್ ಹೋಗ್ತೈತೆ, ಸರಿ. ಆದ್ರೂ ಮೊದ್ಲಿಗಿಂತ ಇನ್ನೂರು ಜಾಸ್ತಿನೇ ಆಗ್ತೈತಲ್ಲೋ."

"ಸ್ಪೀಡ್ ನೋಡ್ರಿ ಅಣ್ಣಾ. ಮ್ಯಾಚು ಒಂದ್ಸಲಾನೂ ನಿಲ್ಲಲ್ಲ. ಮನೆ ಫೋನಲ್ಲಿ ಎಷ್ಟೊತ್ತು ಮಾತಾಡಿದ್ರೂ ಪುಕ್ಕಟೆ."

"ಅದೆಲ್ಲಾ ಐತಪ್ಪ. ಈ ಇನ್ನೂರು ಎಲ್ಲಿ ಕಳೀಲಿ?"

ಬಾಗಿಲ ಬಳಿ ಶೇಂಗಾ ಸುಲಿಯುತ್ತಿದ್ದ ತಾಯಿ ಅನ್ನಪೂರ್ಣಮ್ಮ ತಲೆಯೆತ್ತದೆ ಹೇಳಿದಳು. "ನಿನ್ ಹೆಂಡ್ತಿ ಫೋನಿಗ್ಯಾಕೆ ಕರೆನ್ಸಿ? ಮೂರೊತ್ತೂ ಮನೇಲೇ ಇರ್ತಾಳೆ. ಮನೆಗೇ ಫೋನ್ ಬರ್ತೈತಲ್ಲ."

ರಂಗನಾಥ್ ಮೂರನೆಯ ಮೊಬೈಲಿನ ಸಾಲನ್ನು ಹೊಡೆದುಹಾಕಿದ. "ಸಮ ಆತು ನೋಡು."

"ಅಣ್ಣಾ, ರೀಚಾರ್ಜ್ ಇಲ್ದಿದ್ರೆ ಬರೋ ಫೋನೂ ನಿಂತೋಗ್ತವೆ. ಸ್ವಲ್ಪ ದಿನ ಬಿಟ್ರೆ ನಂಬರೇ ಹೋಗ್ತೈತೆ. ಅಕ್ಕಾರಿಗೆ ಒಂದು ಚಿಕ್ಕ ಪ್ಲಾನಾದ್ರೂ…" ಕೆಂಚೇಶ್ ರಾಗ ಎಳೆದ.

"ನೀನೇ ಹಾಕಿಸ್ತೀಯೇನೋ? ಅಷ್ಟು ಕರುಳು ಕಿತ್ಕೊಂಡು ಬರ್ತಿದ್ರೆ ಹೇಳು" ಎಂದು ರಂಗನಾಥ್ ನಕ್ಕ. ಕೆಂಚೇಶನೂ ನಗಬೇಕಾಯಿತು.

ಅಡುಗೆಮನೆಯಿಂದ ನೇತ್ರಾವತಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಗಂಡನಿಗೆ ಎದುರು ಹೇಳುವಾಗ ಅವಳ ದನಿ ಇನ್ನೂ ತಗ್ಗುತ್ತಿತ್ತು. "ರೀ, ನಮ್ಮವ್ವಂಗೆ ನನ್ನ ನಂಬರೊಂದೇ ಬಾಯಿಪಾಠ ಇರೋದು. ಓದಾಕೆ ಬರಲ್ಲ ಅವ್ಳಿಗೆ."

"ಹೊಸಾದು ಕಲೀತಾಳೆ ಬಿಡು. ನಾನೇನು ಮಾತಾಡ್ಬೇಡ ಅಂದ್ನಾ? ಇಷ್ಟು ದಿನ ದುಡ್ಡು ಕೊಟ್ಟು ಮಾತಾಡ್ತಿದ್ದೆ, ಇನ್ಮೇಲೆ ಪುಕ್ಕಟೆ ಮಾತಾಡು. ಅಂಗಡಿಗೆ ನನ್ ಫೋನ್ ಬೇಕು. ಅವ್ವಂಗೆ ಬಿ.ಪಿ. ಐತೆ, ಹೊರಗೆ ಹೋದಾಗ ಬೇಕು. ನಿಂಗ್ಯಾತಕ್ಕೆ? ನೀನೇ ಹೇಳು."

ಅವನ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ತನಗೆ ಫೋನು ಏಕೆ ಬೇಕು ಎಂದು ಮೂವರ ಎದುರು ನಿಂತು ಹೇಳುವಂಥ ಕಾರಣವೂ ನೇತ್ರಾವತಿಗೆ ಹೊಳೆಯಲಿಲ್ಲ. ಅವಳು ಒಳಗೆ ಹೋದಳು.

ಫೋನನ್ನು ಟಿ.ವಿ. ಪಕ್ಕದ ಗೂಡಿನಲ್ಲಿಟ್ಟರು. ಅದರ ತಂತಿ ಮೊಳದುದ್ದ. ರಿಸೀವರ್ ಹಿಡಿದವರು ಅಲ್ಲೇ, ಟಿ.ವಿ. ನೋಡುವವರ ಮುಂದೆಯೇ ನಿಂತು ಮಾತಾಡಬೇಕು. ನೇತ್ರಾವತಿಯ ತಾಯಿ ಹುಲಿಗೆಮ್ಮ ಇರುವುದು ಚನ್ನಗಿರಿ ಕಡೆಯ ಕತ್ತಲಗೆರೆಯಲ್ಲಿ. ವಿಧವೆ. ಮದುವೆಯಾಗದ ಮಗ ಸಿದ್ದುವಿನೊಂದಿಗೆ ಇದ್ದಳು. ಅವಳಲ್ಲಿದ್ದುದು ಇಂಟರ್ನೆಟ್ಟಿಲ್ಲದ, ಗುಂಡಿ ಒತ್ತುವ ಫೋನು. ಎರಡರ ಗುಂಡಿಯನ್ನು ಒತ್ತಿ ಹಿಡಿದರೆ ಕರೆ ಅಕ್ಕನ ಮನೆಗೆ ಹೋಗುವಂತೆ ಸಿದ್ದು ಮಾಡಿಕೊಟ್ಟಿದ್ದ.

ಮೊದಲ ಸಲ ಫೋನು ಬಂದಾಗ ಅನ್ನಪೂರ್ಣಮ್ಮ ತಾನೇ ಸ್ಪೀಕರಿನ ಗುಂಡಿ ಒತ್ತಿದಳು. "ಬೀಗ್ತಿ ಹೆಂಗವ್ಳೆ ಅಂತ ನಾವೂ ಕೇಳ್ಬೇಕಲ್ಲ."

ಅತ್ತ ಕಡೆಯಿಂದ ಹುಲಿಗೆಮ್ಮ ಕೇಳಿದಳು. "ಯವ್ವಾ, ಒಬ್ಳೇ ಇದೀಯೇನು?"

ನೇತ್ರಾವತಿ ಸುತ್ತ ನೋಡಿದಳು. "ಇಲ್ಲವ್ವ. ಎಲ್ಲಾರೂ ಇದಾರೆ."

"ಹಂಗಾರೆ ಇರ್ಲಿ ಬಿಡು. ಚೆನ್ನಾಗಿದೀಯಲ್ಲ? ಮಳೆ ಬಂತಾ?"

"ಇಲ್ಲ."

"ಇಡ್ತೀನಿ ಹಂಗಾರೆ."

ರಂಗನಾಥ್ ಜೋರಾಗಿ ನಕ್ಕ. "ನಾವೇನು ಎದ್ದು ಬೀದಿಗೆ ಹೋಗ್ಬೇಕಾ ನಿಮ್ಮವ್ವ ಮಾತಾಡಾಕೆ? ಎಂಥಾ ಗುಟ್ಟೋ!"

ಎರಡನೆಯ ಸಲವೂ ಅದೇ ಪ್ರಶ್ನೆ ಬಂತು, ಮೂರನೆಯ ಸಲವೂ. ಅದು ಆ ಮನೆಯ ತಮಾಷೆಯಾಯಿತು. ನೆಂಟರು ಬಂದಾಗ ರಂಗನಾಥ್ ಊಟದ ನಡುವೆ ಕಿವಿಗೆ ಕೈ ಹಿಡಿದು, ಹಲ್ಲಿಲ್ಲದವಳ ಹಾಗೆ ಬಾಯಿ ಮಾಡಿ, "ಯವ್ವಾ, ಒಬ್ಳೇ ಇದೀಯೇನು?" ಎನ್ನುತ್ತಿದ್ದ. ಬಡಿಸುತ್ತಿದ್ದ ನೇತ್ರಾವತಿಯ ಮುಖವನ್ನು ನೆಂಟರು ನೋಡಿ, ನಕ್ಕು, ಮತ್ತೆ ನೋಡುತ್ತಿದ್ದರು.

ಒಮ್ಮೆ ಅವಳು ಕೇಳಿಯೇಬಿಟ್ಟಳು. "ಒಂದು ದಿನದ ಮಟ್ಟಿಗೆ ಊರಿಗೆ ಹೋಗಿ ಬರ್ತೀನಿ ರೀ. ಅವ್ವ ಏನೋ ಹೇಳ್ಬೇಕು ಅಂತಾಳೆ ಅನ್ಸುತ್ತೆ."

"ಮೆಕ್ಕೆಜೋಳದ ಮಿಷನ್ನಿನೋರೆಲ್ಲ ಅಂಗಡಿಗೆ ಬರೋ ಟೈಮಿದು. ಊಟ ಯಾರು ಕಳಿಸ್ತಾರೆ? ಹೇಳೋದಿದ್ರೆ ಫೋನಲ್ಲಿ ಹೇಳ್ಲಿ. ಅನ್‌ಲಿಮಿಟೆಡ್ ಐತೆ."

ಪಕ್ಕದ ಮನೆಯ ಅಂಜಿನಮ್ಮನ ಮೊಬೈಲಿನಿಂದ ಮಾಡಿ ನೋಡಿದಳು. ಹುಲಿಗೆಮ್ಮ ಎತ್ತಲಿಲ್ಲ. ಗೊತ್ತಿಲ್ಲದ ನಂಬರು ಎತ್ತಿದರೆ ದುಡ್ಡು ಹೋಗುತ್ತದೆ ಎಂದು ಸಿದ್ದು ತಾಯಿಯನ್ನು ಹೆದರಿಸಿಟ್ಟಿದ್ದ. ಇತ್ತ ಅನ್ನಪೂರ್ಣಮ್ಮ ಕಾಂಪೌಂಡಿನ ಆಚೆಯಿಂದಲೇ ನೋಡಿದ್ದಳು. "ಮನೇಲಿ ಫೋನ್ ಇಟ್ಕೊಂಡು ಬೀದೀಲಿ ಕೈಯೊಡ್ಡಾಕೆ ಹೋಗಿದ್ದೆಯಲ್ಲೇ. ಗಂಡ ಒಂದು ಕರೆನ್ಸಿ ಹಾಕಿಸಲ್ಲ ಅಂತ ಊರಿಗೆಲ್ಲಾ ಸಾರಿ ಬಂದ್ಯಾ?"

ಆಮೇಲೆ ನೇತ್ರಾವತಿ ಪಕ್ಕದ ಮನೆಗೆ ಹೋಗುವುದನ್ನೂ ಬಿಟ್ಟಳು.

ಅನ್ನಪೂರ್ಣಮ್ಮನಿಗೆ ಮಾತ್ರ ಆ ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ. ಒಬ್ಬಳೇ ಇದ್ದಾಗ ಹೇಳುವಂಥ ಮಾತು ಯಾವುದು? ಮಗನನ್ನು ಬೇರೆ ಮನೆ ಮಾಡಿಸುವ ಸಂಚಲ್ಲದೆ ಇನ್ನೇನು? ತಾಯಿ ಅಲ್ಲಿಂದ ಕಿವಿ ಊದುತ್ತಾಳೆ, ಮಗಳು ಇಲ್ಲಿ ಗಂಡನ ಕಿವಿ ಕಚ್ಚುತ್ತಾಳೆ. ಸೊಸೆ ಸುಮ್ಮನೆ ಪಾತ್ರೆ ತೊಳೆಯುತ್ತಿದ್ದರೂ ಅನ್ನಪೂರ್ಣಮ್ಮನಿಗೆ ಅದರಲ್ಲೊಂದು ಹಂಚಿಕೆ ಕಾಣತೊಡಗಿತು. ಸೊಸೆಯನ್ನು ಫೋನಿನ ಬಳಿ ಒಬ್ಬಳನ್ನೇ ಬಿಟ್ಟು ಅವಳು ಹೊರಗೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೇತ್ರಾವತಿ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದಾಗ ಫೋನು ರಿಂಗಾಯಿತು. ಅನ್ನಪೂರ್ಣಮ್ಮ ಎತ್ತಿದಳು. ಇನ್ನೂ ಹಲೋ ಎಂದಿರಲಿಲ್ಲ.

"ಯವ್ವಾ, ಒಬ್ಳೇ ಇದೀಯೇನು?"

ಅನ್ನಪೂರ್ಣಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ, ಸೊಸೆಯ ಹಾಗೆ, "ಹ್ಞೂ" ಎಂದಳು.

ಅತ್ತ ಕಡೆ ಒಂದು ನಿಟ್ಟುಸಿರು. "ಅಂತೂ ಸಿಕ್ಕೆ. ಹೆಂಗೆ ಹೇಳ್ಲಿ ಅಂತಾನೇ ತಿಳೀವಲ್ದು ಕಣವ್ವ. ಯಾವತ್ತೋ ನಿಂತು ಹೋಗಿದ್ದು ಮತ್ತೆ ಕಾಣಿಸ್ಕೊಂಡೈತೆ. ಮೂರು ತಿಂಗ್ಳಾತು, ಬಿಡವಲ್ದು. ವಾಸನೆ ಬೇರೆ. ಜನದ ಹತ್ರ ಕೂರಾಕೆ ಹೆದ್ರಿಕೆ ಆಗ್ತೈತೆ. ಸಿದ್ದುಗೆ ಹೆಂಗೆ ಹೇಳ್ಲಿ, ಗಂಡು ಹುಡುಗ. ಬಟ್ಟೇನ ಕತ್ತಲಾದ ಮೇಲೆ ಒಗೀತೀನಿ, ಅವ್ನು ನೋಡಬಾರ್ದು ಅಂತ."

ಅನ್ನಪೂರ್ಣಮ್ಮ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಸೋಮವಾರ ಬಾರವ್ವ. ದಾವಣಗೆರೆಗೆ ಹೋಗಿ ಹೆಣ್ಣು ಡಾಕ್ಟ್ರಿಗೆ ತೋರಿಸ್ಕೊಂಡು ಬರಾಣ. ನೀನಿದ್ರೆ ಧೈರ್ಯ. ನಿಮ್ಮತ್ತೆ ಮುಂದೆ ಮಾತ್ರ ಅನ್ಬೇಡ. ನಕ್ಕು ಬಿಡ್ತಾರೆ. ಬರ್ತೀಯಲ್ಲ?"

ಅನ್ನಪೂರ್ಣಮ್ಮ ಈಗಲಾದರೂ ಬಾಯಿ ಬಿಡಬಹುದಿತ್ತು. ಬಿಟ್ಟರೆ ತಾನು ಯಾರೆಂದು ಹೇಳಬೇಕಿತ್ತು.

"ಹ್ಞೂ" ಎಂದು ರಿಸೀವರ್ ಇಟ್ಟಳು.

ನೇತ್ರಾವತಿ ಹಿಟ್ಟಿನ ಡಬ್ಬ ಇಳಿಸುತ್ತ, "ಅತ್ತೆ, ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳಿದಳು. ದಿನವೂ ಕೇಳುವ ಮಾತೇ ಅದು.

"ಯಾರೂ ಇಲ್ಲ. ಯಾರೋ ಕಂಪನಿಯೋರು, ಸಾಲ ಬೇಕಾ ಅಂತ" ಎಂದಳು ಅನ್ನಪೂರ್ಣಮ್ಮ.

ಹೇಳಬಾರದೆಂದು ಅವಳು ನಿಶ್ಚಯಿಸಿರಲಿಲ್ಲ. ಸಂಜೆ ಹೇಳೋಣ ಎಂದುಕೊಂಡಳು, ಸಂಜೆ ಮಗನಿದ್ದ. ಬೆಳಿಗ್ಗೆ ಹೇಳೋಣ ಎಂದುಕೊಂಡಳು, ಆಗ ನಿನ್ನೆಯೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತ್ತು. ಹುಲಿಗೆಮ್ಮ ಮತ್ತೆ ಮಾಡೇ ಮಾಡುತ್ತಾಳೆ, ಮಗಳಿಗೇ ಹೇಳುತ್ತಾಳೆ, ತನ್ನದೇನಿದೆ ಎಂದು ಸಮಾಧಾನ ಮಾಡಿಕೊಂಡಳು.

ಸೋಮವಾರ ಹುಲಿಗೆಮ್ಮ ಒಗೆದ ಸೀರೆ ಉಟ್ಟು ಕತ್ತಲಗೆರೆಯ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕುಳಿತಿದ್ದಳು. ಮಧ್ಯಾಹ್ನದ ಬಸ್ಸಿನಿಂದ ಇಳಿದವರ ಮುಖಗಳನ್ನೆಲ್ಲ ನೋಡಿ ಎದ್ದು ಮನೆಗೆ ಹೋದಳು. ಕೇಳಿದವರಿಗೆ, ಮಗಳಿಗೆ ಏನೋ ಅಡಚಣೆ ಬಂದಿರಬೇಕು ಎಂದಳು. ಆ ವಾರ ಕಳೆಯಿತು. ಅವಳು ಎರಡನ್ನು ಒತ್ತಿ ಹಿಡಿಯುವುದನ್ನು ಬಿಟ್ಟಳು.

ಕಾದು ಕಾದು ನೇತ್ರಾವತಿಯೇ ಫೋನು ಮಾಡಿದಳು. ಸ್ಪೀಕರಿನ ಗುಂಡಿಯನ್ನು ಈ ಸಲ ಒತ್ತಿದವನು ರಂಗನಾಥ್.

"ಅವ್ವಾ, ಯಾಕೆ ಫೋನೇ ಮಾಡ್ಲಿಲ್ಲ?"

"ಹ್ಞಾ, ಚೆನ್ನಾಗಿದೀನಿ."

"ಏನೋ ಹೇಳ್ಬೇಕು ಅಂತಿದ್ದೆಯಲ್ಲ?"

"ಇನ್ನೇನೈತವ್ವ ಹೇಳಾಕೆ? ನೀನು ನಿನ್ನ ಸಂಸಾರ ನೋಡ್ಕೊ" ಎಂದಿತು ಹುಲಿಗೆಮ್ಮನ ದನಿ. ಕರೆ ಕಟ್ಟಾಯಿತು.

"ನೋಡಿದ್ಯಾ? ಪುಕ್ಕಟೆ ಆದ್ರೆ ನಿಮ್ಮವ್ವಂಗೂ ಮಾತು ಬೇಡ" ಎಂದ ರಂಗನಾಥ್.

ನೇತ್ರಾವತಿ ರಿಸೀವರ್ ಹಿಡಿದೇ ನಿಂತಿದ್ದಳು. "ನಾನೇನ್ ತಪ್ಪು ಮಾಡಿದೆ?" ಎಂದು ಯಾರನ್ನೂ ನೋಡದೆ ಕೇಳಿದಳು. ಅನ್ನಪೂರ್ಣಮ್ಮ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಮಾಡುವಂಥ ಕೆಲಸವೇನೂ ಇರಲಿಲ್ಲ.

ತಿಂಗಳು ಕಳೆದ ಮೇಲೆ ಸಿದ್ದು ಫೋನು ಮಾಡಿದ್ದು ಭಾವನ ಮೊಬೈಲಿಗೆ. ಅವ್ವ ಬಚ್ಚಲಲ್ಲಿ ಬಿದ್ದಿದ್ದಳು, ಮೈಯೆಲ್ಲ ರಕ್ತ, ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದೇನೆ ಎಂದ. ಗಂಡ ಹೆಂಡತಿ ಹೊರಟಾಗ ಅನ್ನಪೂರ್ಣಮ್ಮನೂ ಚಪ್ಪಲಿ ಮೆಟ್ಟಿಕೊಂಡು ಬಂದಳು. ಯಾಕೆಂದು ಮಗ ಕೇಳುವಷ್ಟರಲ್ಲಿ ಬಸ್ ನಿಲ್ದಾಣದ ಕಡೆ ನಡೆದಿದ್ದಳು.

ಬಸ್ಸಿನಲ್ಲಿ ರಂಗನಾಥ್ ಹೆಂಡತಿಯ ನಂಬರಿಗೆ ರೀಚಾರ್ಜ್ ಮಾಡಲು ನೋಡಿದ. ಆಸ್ಪತ್ರೆಯಲ್ಲಿ ಅವಳು ಉಳಿಯಬೇಕಾದರೆ ಫೋನು ಬೇಕಲ್ಲ. ಎರಡು ಸಲ ಒತ್ತಿದ. ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬಂತು. ಮೊಬೈಲನ್ನು ಜೇಬಿಗೆ ಹಾಕಿ, ಬಿಳಿಚೋಡು ದಾಟುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತ.

ಗರ್ಭಕೋಶದ ಬಾಯಲ್ಲಿ ಗಡ್ಡೆಯಿದೆ ಎಂದು ಡಾಕ್ಟರಮ್ಮ ನೇತ್ರಾವತಿಗೆ ಹೇಳಿದರು. ಹಬ್ಬಿದೆ. ಚಿಕಿತ್ಸೆ ಮಾಡೋಣ, ಆದರೆ ಇಷ್ಟು ದಿನ ಬಿಡಬಾರದಿತ್ತು. ಮನೆಯಲ್ಲಿ ಹೆಣ್ಣುಮಕ್ಕಳು ಯಾರೂ ಇರಲಿಲ್ಲವೇ?

ವಾರ್ಡಿನಲ್ಲಿ ಹುಲಿಗೆಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಒಂದು ಮುಷ್ಟಿಯಷ್ಟಾಗಿದ್ದಳು. ಮಗಳು ಕೈ ಹಿಡಿದಾಗ ತಿರುಗಿದಳು. ಮಂಚದ ಕಾಲ ಬಳಿ ನಿಂತಿದ್ದ ಬೀಗಿತ್ತಿಯನ್ನು ಅವಳು ನೋಡಲಿಲ್ಲ.

"ಈಗ ಬಂದ್ಯಾ?"

"ಅವ್ವಾ, ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ನಲ್ಲವ್ವ. ಎಲ್ಲಾನೂ ಹೇಳಿದ್ನಲ್ಲ. ಒಬ್ಳೇ ಇದೀನಿ ಅಂದೆ. ಸೋಮವಾರ ಬಾ ಅಂದ್ರೆ ಹ್ಞೂ ಅಂದೆ. ನಾನು ಕಟ್ಟೆ ಮೇಲೆ ಕೂತಿದ್ದೆ."

ನೇತ್ರಾವತಿಗೆ ಮೊದಲು ಏನೂ ತಿಳಿಯಲಿಲ್ಲ. ಮೆಲ್ಲಗೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಅತ್ತೆಯ ಮುಖದಲ್ಲಿ ಎಲ್ಲವೂ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾನೀಗ ಅವ್ವನಿಗೆ ನಿಜ ಹೇಳಿಬಿಟ್ಟರೆ, ಮಗನಿಗೂ ಹೇಳಲಾಗದ ಮಾತನ್ನು ಬೀಗಿತ್ತಿ ಕದ್ದು ಕೇಳಿದ್ದಾಳೆಂದು ಅವ್ವನಿಗೆ ಗೊತ್ತಾಗುತ್ತದೆ. ನೇತ್ರಾವತಿ ತಾಯಿಯ ಕಡೆ ತಿರುಗಿದಳು.

"ತಪ್ಪಾತವ್ವ. ಬರಾಕೆ ಆಗ್ಲಿಲ್ಲ" ಎಂದಳು.

ಹುಲಿಗೆಮ್ಮ ಕೈ ಬಿಡಿಸಿಕೊಂಡಳು.

ಅನ್ನಪೂರ್ಣಮ್ಮ ಸುಮ್ಮನಿದ್ದರೆ ಆಗುತ್ತಿತ್ತು. ಇದುವರೆಗೆ ಇದ್ದಂತೆಯೇ ಇನ್ನೂ ಸ್ವಲ್ಪ ದಿನ. ಡಾಕ್ಟರಮ್ಮ ಹೇಳಿದ್ದನ್ನು ನೋಡಿದರೆ ಬಹಳ ದಿನವೂ ಅಲ್ಲ. ಅನ್ನಪೂರ್ಣಮ್ಮ ಮಂಚದ ಕಂಬಿ ಹಿಡಿದು ಮುಂದೆ ಬಂದಳು.

"ಅವ್ಳಲ್ಲ ಬೀಗ್ತಿಯೋರೆ. ಅವತ್ತು ಹ್ಞೂ ಅಂದೋಳು ನಾನು. ಅವ್ಳಿಗೆ ಗೊತ್ತೇ ಇಲ್ಲ. ನಾನು ಹೇಳ್ಲಿಲ್ಲ."

ಹುಲಿಗೆಮ್ಮ ಅವಳನ್ನು ದಿಟ್ಟಿಸಿದಳು. "ನೀವು ಕೇಳಿಸ್ಕೊಂಡ್ರಾ? ಎಲ್ಲಾನೂ?"

"ಎಲ್ಲಾನೂ."

ಹುಲಿಗೆಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಸೊಂಟದ ಮೇಲಿದ್ದ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು, ಬರಿಮೈಯಲ್ಲಿ ಸಿಕ್ಕಿಬಿದ್ದವಳ ಹಾಗೆ. ಆಮೇಲೆ ಮಗಳ ಕಡೆ ಕೈ ಚಾಚಿದಳು. ಕಣ್ಣು ತುಂಬಿದ್ದ ನೇತ್ರಾವತಿಗೆ ಆ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತೆಯ ಕಡೆ ಅವಳು ಇನ್ನೊಮ್ಮೆ ನೋಡಲಿಲ್ಲ.

ಅನ್ನಪೂರ್ಣಮ್ಮ ಮಂಚದ ಸುತ್ತಲಿನ ಹಸಿರು ಪರದೆಯನ್ನು ಎಳೆದು ಹೊರಗೆ ಬಂದಳು. ಎದುರಿಗೆ ರಂಗನಾಥ್ ಔಷಧಿಯ ಚೀಲ ಹಿಡಿದು ಬರುತ್ತಿದ್ದ.

"ಏನಂತೆ? ಏನ್ ಮಾತಾಡ್ತಿದಾರೆ?" ಎಂದು ಪರದೆಯ ಕಡೆ ಹೆಜ್ಜೆ ಇಟ್ಟ.

ಅವಳು ಮಗನ ತೋಳು ಹಿಡಿದಳು. "ಅವ್ರಿಬ್ರೇ ಇರ್ಲಿ."

"ನಂಗೊಂದು ಮಾತು ಮೊದ್ಲೇ ಹೇಳಿದ್ರೆ ನಾನೇನು ಕಾರು ಮಾಡ್ಕೊಂಡು ಬರ್ತಿರ್ಲಿಲ್ವಾ? ಯಾಕೆ ಹೇಳ್ಲಿಲ್ವಂತೆ ಅವ್ರು?"

"ನೀನು ಫೋನ್ ಮುಂದೇನೇ ಕೂತಿದ್ಯಲ್ಲೋ. ನಾನೂ ಕೂತಿದ್ದೆ."

ವಾರ್ಡಿನ ಬಾಗಿಲ ಪಕ್ಕದಲ್ಲೇ ಒಂದು ಬೆಂಚು ಖಾಲಿಯಿತ್ತು. ರಂಗನಾಥ್ ಅದರ ಮೇಲೆ ಕೂರಲು ಹೋದಾಗ ತಾಯಿ ಬೇಡವೆಂದು ತಲೆಯಾಡಿಸಿದಳು. ಅವನ ತೋಳು ಹಿಡಿದೇ ಮೊಗಸಾಲೆಯ ಕೊನೆಯವರೆಗೂ ನಡೆಸಿಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂರಿಸಿ, ತಾನೂ ಕುಳಿತಳು. ಅಲ್ಲಿಗೆ ವಾರ್ಡಿನ ಒಂದು ಮಾತೂ ಕೇಳಿಸುತ್ತಿರಲಿಲ್ಲ.