ಎರಡು ಕುರ್ಚಿಯ ಅಳತೆ

ಹಲ್ಲಿನ ಡಾಕ್ಟರು ಮೂವತ್ತು ವರ್ಷ ಮಾತಾಡಿದ್ದೆಲ್ಲ ಬಾಯಿ ತೆರೆದು ಮಲಗಿದವರ ಜೊತೆ. ಎದುರು ಮಾತಾಡುವ ಯೋಗ ಆ ಬಡಪಾಯಿಗಳಿಗಿರಲಿಲ್ಲ. ಮನೆಯಲ್ಲೂ ಅದೇ ಅಭ್ಯಾಸ. ಹೆಂಡತಿ ಏನಾದರೂ ಹೇಳಹೊರಟರೆ "ಒಂದ್ನಿಮಿಷ" ಎಂದು ಕೈಯೆತ್ತುವರು. ಆ ನಿಮಿಷ ಎಂದೂ ಮುಗಿಯುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ಅಕ್ಕನ ಮನೆಗೆ ಹೋದ ಆಕೆ ಅಲ್ಲೇ ಉಳಿದರು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಿ. ಖಾಲಿ ಮನೆ ತಿನ್ನಲು ಬರುತ್ತಿತ್ತು. ಹೆಂಡತಿಗೆ ಹಾಡೆಂದರೆ ಪ್ರಾಣ ಎಂಬುದು ಈಗ ನೆನಪಾಗಿ, ಡಾಕ್ಟರು ಅಂಗಡಿಯಲ್ಲಿ ಮೂರು ದಿನ ಕೂತು ಐದು ಜೊತೆ ಸ್ಪೀಕರ್ ಕೇಳಿದರು. ಒಂದರಲ್ಲಿ ಬರೀ ಗುಡುಗು, ಇನ್ನೊಂದು ಕಿವಿಗೆ ಚುಚ್ಚುತ್ತಿತ್ತು. ಕೊನೆಗೆ ಆರಿಸಿದ್ದು ಎದೆಯೆತ್ತರದ, ಮರದ ಮೈಯ ಒಂದು ಜೋಡಿ. ಹಾಡುವಾಕೆ ಉಸಿರೆಳೆದುಕೊಳ್ಳುವುದೂ ಅದರಲ್ಲಿ ಕೇಳುತ್ತಿತ್ತು.

ಅವನ್ನು ಕೂರಿಸಲು ಬಂದ ಮೆಕ್ಯಾನಿಕ್ ಟೇಪು ಹಿಡಿದು ಗೋಡೆಗೋಡೆ ಅಳೆದ. ಮೂಲೆಗಳಲ್ಲಿ ಚಪ್ಪಾಳೆ ತಟ್ಟಿ ಕಿವಿಗೊಟ್ಟ. ಸ್ಪೀಕರುಗಳನ್ನು ಗೋಡೆಯಿಂದ ಮೂರಡಿ ಮುಂದೆ ತಂದು ಕೇಳಿದ:

"ಕೇಳೋರು ಎಷ್ಟು ಜನ ಸಾರ್?"

"ಯಾಕೆ?"

"ಒಬ್ಬರೇ ಆದ್ರೆ ಕುರ್ಚಿ ನಟ್ಟನಡುವೆ ಹಾಕ್ತೀನಿ. ಹಾಡೋರು ಎದುರಿಗೇ ನಿಂತ ಹಾಗಿರುತ್ತೆ. ಇಬ್ಬರಾದ್ರೆ ಇಬ್ರೂ ಒಂಚೂರು ಬಿಟ್ಟುಕೊಡಬೇಕು."

"ಇಬ್ಬರು," ಎಂದರು ಡಾಕ್ಟರು, ಅಗತ್ಯಕ್ಕಿಂತ ಗಟ್ಟಿಯಾಗಿ.

ಆಮೇಲೆ ಹೆಂಡತಿಗೆ ಫೋನ್ ಮಾಡಿ, ಒಮ್ಮೆ ಬಂದು ಕೇಳಿ ಹೋಗು ಎಂದರು. ಭಾನುವಾರ ಮಧ್ಯಾಹ್ನ ಆಕೆ ಬಂದರು.

"ಈ ಕುರ್ಚಿ ನಂಗಾ?"

"ನಿಂಗೇ."

ಆಕೆ ನಕ್ಕು ಕೂತರು. ಆ ನಗು ಕಂಡು ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಹಾಡು ಶುರುವಾಯಿತು. ಎರಡನೇ ಚರಣದ ಹೊತ್ತಿಗೆ ಆಕೆ ಅವರತ್ತ ತಿರುಗಿದರು.

"ರೀ, ನಾನು ಯೋಚನೆ ಮಾಡ್ದೆ..."

ಡಾಕ್ಟರ ಕೈ ತಾನಾಗಿ ಮೇಲೆದ್ದಿತು. "ಒಂದ್ನಿಮಿಷ, ಒಂದ್ನಿಮಿಷ! ಇಲ್ಲಿ ಕೇಳು, ಈ ಜಾಗ!"

ಹುಟ್ಟುಗುಣ ಸುಟ್ಟರೂ ಹೋಗದು. ಆಕೆ ಹಾಡು ಮುಗಿಯುವವರೆಗೆ ಕೂತಿದ್ದರು. ಆಮೇಲೆ ಎದ್ದು, ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಿಗೆ ಹೋದರು. ಡಾಕ್ಟರು ಹಿಂದೆಯೇ ಓಡಿದರು.

"ಏನೋ ಹೇಳ್ತಿದ್ದೆಯಲ್ಲ?"

"ವಾಪಸ್ ಬಂದ್ಬಿಡ್ಲಾ ಅಂತ ಕೇಳೋಣ ಅಂತಿದ್ದೆ," ಎಂದರು ಆಕೆ, ಚಪ್ಪಲಿ ಮೆಟ್ಟುತ್ತ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಬಿಡಿ. ಹಾಡು ಚೆನ್ನಾಗಿತ್ತು."

ಡಾಕ್ಟರು ಆ ವಾರವಿಡೀ ಫೋನ್ ಮಾಡಿದರು. ಮಾತಾಡಿದ್ದು ಆಕೆಯ ಅಕ್ಕ, ಅದೂ ಎರಡೇ ಮಾತು: "ಅವಳು ಬರಲ್ಲ."

ಮತ್ತೆ ಕರೆಸಿದಾಗ ಮೆಕ್ಯಾನಿಕ್‌ಗೆ ಅವರು ಹೇಳಿದ್ದಿಷ್ಟೇ: "ಒಬ್ರಿಗೆ ಮಾಡಿಕೊಡಪ್ಪ." ಆತ ಒಂದು ಕುರ್ಚಿಯನ್ನು ನಡುವಿಗೆಳೆದು, ಸ್ಪೀಕರುಗಳ ಮುಖವನ್ನು ತುಸು ಒಳಕ್ಕೆ ತಿರುಗಿಸಿ ಹಾಡು ಹಾಕಿದ. ದನಿ ಕೂದಲೆಳೆಯಷ್ಟೂ ಅತ್ತಿತ್ತ ವಾಲದೆ ಎದುರಿಗೇ ನಿಂತಿತು.

"ಹೇಗಿದೆ ಸಾರ್?"

ಡಾಕ್ಟರು ತಲೆಯಾಡಿಸಿದರು.

"ಇನ್ನೊಂದು ಕುರ್ಚಿ ಎಲ್ಲಿಡ್ಲಿ? ಇಲ್ಲೇ ಇದ್ರೆ ದನಿ ಕೆಡುತ್ತೆ."

"ಕೆಟ್ಟರೆ ಕೆಡ್ಲಿ," ಎಂದರು ಡಾಕ್ಟರು. "ಅದು ಅಲ್ಲೇ ಇರ್ಲಿ."