ಯತಿನ್ ತಪಾಸಣೆಗೆ ಹೋಗದ ಕಾರಣ

ಜಗಲಿಯಿಂದ ಒಳಗಿನವರೆಗೂ ರಕ್ತದ ಹೆಜ್ಜೆ ಕಂಡು ಬೋಳಾರದ ಸ್ವರ್ಣಲತಾ ಹೆದರಿಹೋದರು. ಮಗ ಯತಿನ್ ಆಗಷ್ಟೇ ದೋಣಿಯಿಂದ ಮೀನು ಇಳಿಸುವ ದಕ್ಕೆಯ ಕೆಲಸ ಮುಗಿಸಿ ಬಂದು ಕೂತಿದ್ದ. ಅವನ ಪಾದಕ್ಕೆ ಮೀನಿನ ಮುಳ್ಳು ಆಳವಾಗಿ ಹೊಕ್ಕಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

"ಕಾಲು ಜೋಮು ಹಿಡಿದ ಹಾಗೆ ಉಂಟಮ್ಮ. ಸುಮಾರು ದಿನ ಆಯ್ತು" ಎಂದ.

ಯತಿನ್‌ಗೆ ಇಪ್ಪತ್ತೊಂದು ವರ್ಷ. ಚಿಕ್ಕಂದಿನಿಂದಲೂ ಮೈ ಭಾರ, ಹರೆಯದಲ್ಲೇ ಸಕ್ಕರೆ ಕಾಯಿಲೆ. ಪಥ್ಯ, ವ್ಯಾಯಾಮ ಯಾವುದಕ್ಕೂ ತೂಕ ಬಗ್ಗದಾಗ ವೈದ್ಯರು ಜಠರದ ಶಸ್ತ್ರಚಿಕಿತ್ಸೆ ಮಾಡಿದ್ದರು. ತೂಕ ಇಳಿಯಿತು, ಸಕ್ಕರೆ ಹತೋಟಿಗೆ ಬಂತು. ಆದರೆ ಎರಡು ವರ್ಷದಲ್ಲಿ ತೂಕ ಮತ್ತೆ ಏರತೊಡಗಿತು. ನೆಂಟರ ಮದುವೆಯ ಊಟದಲ್ಲಿ ಸ್ವರ್ಣಲತಾ ಎಲ್ಲರೆದುರೇ ಅಂದುಬಿಟ್ಟಿದ್ದರು: "ಹೊಟ್ಟೆ ಕೊಯ್ಸಿದ್ರೂ ಇವನಿಗೆ ಬಾಯಿ ಕಟ್ಟಲಿಕ್ಕೆ ಆಗುವುದಿಲ್ಲ." ಯತಿನ್ ಅರ್ಧ ಊಟಕ್ಕೇ ಎದ್ದು ಹೋಗಿದ್ದ.

ಪಕ್ಕದ ಮನೆಯ ನರ್ಸ್ ಶಹನಾಝ್ ಬಂದು ಗಾಯಕ್ಕೆ ಕಟ್ಟು ಹಾಕಿದರು. ಆಪರೇಷನ್ ಆದ ಮೇಲೆ ಕೊಟ್ಟ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಕೇಳಿದರು. ಮಾತ್ರೆಯನ್ನೂ ತಪಾಸಣೆಯನ್ನೂ ಬಿಟ್ಟು ವರ್ಷವಾಯಿತು ಎಂದ ಯತಿನ್.

"ಯಾಕೆ ಮಾರಾಯ?"

"ಹೋದ್ರೆ ತೂಕ ನೋಡ್ತಾರೆ. ಹೆಚ್ಚಾಗಿದ್ರೆ ಅಮ್ಮನಿಗೆ ನಾಚಿಕೆ."

ಸ್ವರ್ಣಲತಾ ಗೋಡೆಗೆ ಒರಗಿದರು. "ಕೊಯ್ದ ಮೇಲೂ ಮದ್ದು ಬೇಕಾದ್ರೆ ಆಪರೇಷನ್ ಎಂತಕ್ಕೆ?" ಎಂದರು.

"ಸ್ವರ್ಣಕ್ಕ, ಆಪರೇಷನ್ ದೊಡ್ಡ ಸಹಾಯ. ಆದ್ರೆ ಕಾಯಿಲೆ ಬುಡಸಮೇತ ಹೋಗುವುದಿಲ್ಲ. ಕೆಲವರಿಗೆ ಹಸಿವೂ ತೂಕವೂ ಮರಳಿ ಬರ್ತದೆ. ಅದು ಬಾಯಿಚಪಲ ಅಲ್ಲ. ಅದಕ್ಕೂ ಮದ್ದು ಉಂಟು. ಕೊಯ್ದ ಹೊಟ್ಟೆಗೆ ಊಟದಿಂದ ವಿಟಮಿನ್ ಸಾಕಷ್ಟು ಸಿಗುವುದಿಲ್ಲ, ಆ ಮಾತ್ರೆ ಯಾವತ್ತೂ ಬಿಡಬಾರದು. ಬಿಟ್ಟರೆ ನರಕ್ಕೇ ಪೆಟ್ಟು, ಕಾಲು ಜೋಮು ಹಿಡಿಯುವುದೂ ಅದರಿಂದ ಇರಬಹುದು."

ಮರುದಿನ ಸ್ವರ್ಣಲತಾ ಮೀನು ಮಾರಲು ಹೋಗಲಿಲ್ಲ, ಮಗನ ಜೊತೆ ಆಸ್ಪತ್ರೆಗೆ ಹೋದರು. ಅವನ ತೂಕ ನೋಡುವಾಗ ಯಂತ್ರದ ಕಡೆ ತಿರುಗಲಿಲ್ಲ, ಅವನ ಚಪ್ಪಲಿ ಹಿಡಿದುಕೊಂಡು ನಿಂತರು. ರಕ್ತದಲ್ಲಿ ಬಿ-೧೨ ವಿಟಮಿನ್ ತೀರಾ ಕಡಿಮೆಯಾಗಿತ್ತು, ಸಕ್ಕರೆ ಮತ್ತೆ ಏರಿತ್ತು. ವೈದ್ಯರು ವಿಟಮಿನ್ ಇಂಜೆಕ್ಷನ್ ಶುರುಮಾಡಿದರು. ಎಲ್ಲ ಪರೀಕ್ಷೆ ಮಾಡಿ, ಹಸಿವು ತಗ್ಗಿಸುವ ಮದ್ದನ್ನೂ ಬರೆದರು.

ಈಗ ತೂಕ ನಿಧಾನಕ್ಕೆ ಇಳಿಯುತ್ತಿದೆ. ಕಾಲಿನ ಜೋಮು ಪೂರ್ತಿ ಹೋಗಿಲ್ಲ. ಹೋಗುತ್ತದೋ ಇಲ್ಲವೋ, ವೈದ್ಯರೂ ಖಾತ್ರಿ ಹೇಳಿಲ್ಲ. ತಪಾಸಣೆಯ ದಿನ ತಾಯಿ ಮಗ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ.

ನಿಮ್ಮ ಮನೆಯಲ್ಲೂ ಇಂಥ ಆಪರೇಷನ್ ಆದ ಮಕ್ಕಳಿದ್ದರೆ, ತಪಾಸಣೆ ತಪ್ಪಿಸಬೇಡಿ. ವೈದ್ಯರನ್ನು ಕೇಳದೆ ಮದ್ದು ಬಿಡಬೇಡಿ, ಶುರುಮಾಡಲೂ ಬೇಡಿ. ತೂಕ ಮತ್ತೆ ಏರಿದರೆ ಹಂಗಿಸಬೇಡಿ, ಜೊತೆಗೆ ಹೋಗಿ.